ಏಕಾದಶಿಯ ನೀರು, ಚೌತಿಯ ಕೆಸರು

ಪದ್ಮಾಕ್ಷಿಯ ಮನೆಯಲ್ಲಿ ಗಡಿಯಾರ ಇರಲಿಲ್ಲ. ಇದ್ದದ್ದು ತಾಯಿ ಕೊಟ್ಟ ಒಂದು ತುಳಸಿಮಣಿಯ ಜಪಮಾಲೆ. ದೇವರ ಹೆಸರು ಹೇಳುತ್ತಾ ನೂರೆಂಟು ಮಣಿಗಳನ್ನು ಒಂದು ಸುತ್ತು ದಾಟಿಸಲು ಎಷ್ಟು ಹೊತ್ತು ಬೇಕೋ ಅದೇ ಅವಳ ಅಳತೆಗೋಲು. ಕುಚ್ಚಲಕ್ಕಿ ಬೇಯಲು ಏಳು ಮಾಲೆ. ವಂಡ್ಸೆಯ ಮನೆಯಿಂದ ಹೊಳೆಗೆ ಹೋಗಿ ಬರಲು ಎರಡು ಮಾಲೆ. ಮಾವನವರು ಸ್ನಾನ ಮುಗಿಸಿ ಮಡಿಯುಟ್ಟು ಬರಲು ಮೂರು ಮಾಲೆ, ಚಳಿಗಾಲವಾದರೆ ಎರಡೇ. ಗಂಡ ಶಾಮರಾಯರು ಇದನ್ನು ಕೇಳಿ ನಗುತ್ತಿದ್ದರು. "ದೇವರ ಹೆಸ್ರನ್ನೇ ಗಡಿಯಾರದ ಮುಳ್ಳು ಮಾಡಿ ತಿರ್ಗಿಸ್ತಿಯಲ್ಲೆ, ದೇವ್ರಿಗೆ ಸುಸ್ತಾಪುದಿಲ್ಯಾ?" ಎನ್ನುತ್ತಿದ್ದರು. ದೇವರಿಗೆ ಸುಸ್ತಾದ ಹಾಗೆ ಅವಳಿಗೇನೂ ಕಂಡಿರಲಿಲ್ಲ.

ಅವಳು ಹುಟ್ಟಿದ್ದು ಸಾಲಿಗ್ರಾಮದ ಹತ್ತಿರ. ಅಣ್ಣ ದಿನಾ ಹೊಳೆ ದಾಟಿ ಬ್ರಹ್ಮಾವರದ ಶಾಲೆಗೆ ಹೋಗುತ್ತಿದ್ದ. ತಾನೂ ಹೋಗುತ್ತೇನೆ ಎಂದು ಆರು ವರ್ಷದ ಪದ್ಮಾಕ್ಷಿ ಹಠ ಹಿಡಿದಾಗ ಮನೆಯ ಹಿರಿಯರು, "ಹೆಣ್ ಹುಡುಗಿ ದಿನಾ ಹೊಳೆ ದಾಟುದಾ?" ಎಂದು ಕೇಳಿದರು. ಅಲ್ಲಿಗೆ ಆ ಮಾತು ಮುಗಿಯಿತು. ಸಂಜೆ ಅಣ್ಣ ಜಗಲಿಯಲ್ಲಿ ಸ್ಲೇಟು ಹಿಡಿದು ಕೂತಾಗ ಅವಳು ಎದುರು ಕುಳಿತು ಬತ್ತಿ ಹೊಸೆಯುತ್ತಿದ್ದಳು. ಹೊಸೆಯುತ್ತಾ ಹೊಸೆಯುತ್ತಾ ಅಕ್ಷರ ಕಲಿತಳು. ಎದುರಿನಿಂದ ಕಲಿತದ್ದರಿಂದ ಎಲ್ಲ ಅಕ್ಷರಗಳೂ ಅವಳಿಗೆ ಮೊದಲು ತಲೆಕೆಳಗಾಗಿಯೇ ಬಂದವು. ದೊಡ್ಡವಳಾದ ಮೇಲೂ ಪುಸ್ತಕವನ್ನು ಎತ್ತ ಹಿಡಿದರೂ ಅವಳಿಗೆ ಒಂದೇ.

ಮದುವೆಯಾಗಿ ವಂಡ್ಸೆಗೆ ಬಂದಳು. ಗಂಡ ಅಲ್ಲಿನ ಶಾಲೆಯಲ್ಲಿ ಮಾಸ್ತರರು. ಮಾವ ವಿಷ್ಣುಮೂರ್ತಿ ಹೇರ್ಳೆಯವರು ಊರಿನ ಸಣ್ಣದೊಂದು ಗಣಪತಿ ಗುಡಿಯ ಪೂಜೆ ಮಾಡುತ್ತಿದ್ದರು. ಹಾಗೆಯೇ ಸುತ್ತಲಿನ ನಾಲ್ಕು ಊರಿಗೆ ಪಂಚಾಂಗ ನೋಡಿ ಹೇಳುತ್ತಿದ್ದರು. ಅತ್ತೆ ತೀರಿಹೋಗಿದ್ದರು. ಪದ್ಮಾಕ್ಷಿಗೂ ಶಾಮರಾಯರಿಗೂ ಒಬ್ಬಳೇ ಮಗಳು, ಸೀತು.

ಸಾವಿರದ ಒಂಬೈನೂರ ನಲವತ್ತನಾಲ್ಕರ ಬೇಸಿಗೆಯಲ್ಲಿ ಸೀತು ಐದನೇ ಕ್ಲಾಸು ಪಾಸಾದಳು. ಅದೇ ವಾರ ಶಾಮರಾಯರಿಗೆ ಗಂಗೊಳ್ಳಿಯ ಶಾಲೆಗೆ ವರ್ಗವಾಯಿತು. ಮಳೆಗಾಲಕ್ಕೆ ಮುಂಚೆ ಸಂಸಾರ ಎತ್ತಬೇಕು. ಎಲ್ಲಿಗೆ ಎನ್ನುವುದೇ ಪ್ರಶ್ನೆ. ಅಪ್ಪನ ಶಾಲೆ ಹೊಳೆಯ ಆಚೆ, ಗಂಗೊಳ್ಳಿಯಲ್ಲಿ. ಮಗಳಿಗೆ ಮುಂದೆ ಓದಲು ಹೈಸ್ಕೂಲು ಇರುವುದು ಹೊಳೆಯ ಈಚೆ, ಕುಂದಾಪುರದಲ್ಲಿ. ನಡುವೆ ಸೇತುವೆ ಇಲ್ಲ, ದೋಣಿ ಮಾತ್ರ. ಎಲ್ಲಿ ಮನೆ ಮಾಡಿದರೂ ಇಬ್ಬರಲ್ಲಿ ಒಬ್ಬರು ದಿನಾ ಎರಡು ಸಲ ಹೊಳೆ ದಾಟಲೇಬೇಕು.

ಸೀತು ಹೈಸ್ಕೂಲಿಗೆ ಹೋಗುವುದಕ್ಕೆ ಹೇರ್ಳೆಯವರು ಬೇಡವೆನ್ನಲಿಲ್ಲ. ಆದರೆ ಎರಡು ಮಾತು ಹೇಳಿದರು.

"ಒಂದು, ದೀಪ ಹಚ್ಚು ಹೊತ್ತಿಗೆ ಹೆಣ್ಣು ಮನೆಯೊಳ್ಗೆ ಇರ್ಕ್. ಎರಡು, ದಾರಿಯಂಗೆ ನಾಲ್ಕ್ ಜನ ನಿಂತ್ಕಂಡ್ ಕಂಡ್ ನೆಗಾಡು ಹಾಂಗೆ ಆಪ್ಪುಕಾಗ. ಈ ಎರಡ್ರಗೆ ಒಂದ್ ತಪ್ರೂ ಐದನೇ ಕ್ಲಾಸೇ ಸಾಕ್. ಮತ್ತೆ ನನ್ನ ಹತ್ರ ಅಳುಕೆ ಬರುಕಾಗ."

ಪದ್ಮಾಕ್ಷಿ ತಲೆಯಾಡಿಸಿದಳು. ಎರಡೇ ಮಾತು ತಾನೇ ಎಂದು ಅವಳಿಗೆ ಸಮಾಧಾನವಾಯಿತು. ತನ್ನ ಕಾಲದಲ್ಲಿ ಒಂದೇ ಮಾತಿತ್ತು.

ಮನೆ ನೋಡಲು ಹೊರಡುವುದಕ್ಕೆ ಹೇರ್ಳೆಯವರ ಮನೆಯಲ್ಲಿ ಒಂದು ಕ್ರಮ. ಹೊಲವಿರಲಿ, ಮನೆಯಿರಲಿ, ಹೆಣ್ಣಿರಲಿ, ನೋಡಲು ಹೊರಡುವುದು ದಶಮಿಯಂದೇ. ಅವರ ತಂದೆಯೂ ಹಾಗೆಯೇ ಮಾಡಿದ್ದರು. ಶಾಮರಾಯರಿಗೆ ಪದ್ಮಾಕ್ಷಿಯನ್ನು ನೋಡಲು ಬಂದದ್ದೂ ದಶಮಿಯಂದು. ಹಾಗಾಗಿ ಚೈತ್ರ ಬಹುಳ ದಶಮಿಯ ಬೆಳಿಗ್ಗೆ ಎಲ್ಲರೂ ವಂಡ್ಸೆಯಿಂದ ಗಾಡಿಯಲ್ಲಿ ಹೊರಟರು. ಹೆಮ್ಮಾಡಿಯಲ್ಲಿ ಇಳಿದರು. ಅಲ್ಲಿಂದ ಮುಂದೆ, ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಲಿನಿಂದ ಓಡುತ್ತಿದ್ದ ಬಸ್ಸು. ಅದು ಏರು ಬಂದಲ್ಲೆಲ್ಲ ನಿಂತು ಕೆಮ್ಮುತ್ತಿತ್ತು. ಮಧ್ಯಾಹ್ನಕ್ಕೆ ಕುಂದಾಪುರದಲ್ಲಿ ಪದ್ಮಾಕ್ಷಿಯ ಚಿಕ್ಕಮ್ಮ ಅಮ್ಮಣ್ಣಿಯ ಮನೆ ತಲುಪಿದರು. ಮಾರನೆಯ ದಿನ ಏಕಾದಶಿ. ಉಪವಾಸ, ಅಡಿಗೆಯ ಗೊಡವೆಯಿಲ್ಲ. ಬೆಳಿಗ್ಗೆಯೇ ಕಡವಿಗೆ ಇಳಿದರು.

ಕಡವು ಎಂದರೆ ದೋಣಿ ಹತ್ತಿ ಇಳಿಯುವ ಜಾಗ. ಆ ದಿನ ಅದನ್ನು ನೋಡಿ ಪದ್ಮಾಕ್ಷಿಗೆ ಮದುವೆಮನೆಯ ತುಂಬಿದ ಕೊಪ್ಪರಿಗೆ ನೆನಪಾಯಿತು. ನೀರು ದಡದವರೆಗೆ ತುಂಬಿ ನಿಂತಿತ್ತು. ದೋಣಿಗಾರ ಸೂರ ಗಳ ಊರಿದ. ಜಪಮಾಲೆ ಎರಡು ಸುತ್ತು ಮುಗಿಯುವುದರೊಳಗೆ ದೋಣಿ ಆಚೆ ಕಡೆಯ ಕಲ್ಲಿನ ಮೆಟ್ಟಿಲಿಗೆ ಮೆಲ್ಲನೆ ತಾಗಿತು. ಹೇರ್ಳೆಯವರ ಪಂಚೆಯ ಅಂಚೂ ಒದ್ದೆಯಾಗಲಿಲ್ಲ. ಮೆಟ್ಟಿಲು ಹತ್ತಿದರೆ ಎದುರಿಗೇ ಗಣಪಯ್ಯನವರ ಖಾಲಿ ಮನೆ. ಅಗಲವಾದ ಜಗಲಿ. ಹಿತ್ತಲಿನಲ್ಲಿ ಸ್ವಂತ ಬಾವಿ, ಸಿಹಿನೀರು. ಹೇರ್ಳೆಯವರು ಬಾವಿಗೆ ಬಗ್ಗಿ ನೋಡಿ, ಒಂದು ಬೊಗಸೆ ಕುಡಿದು, ಆಗಲೇ ಆ ಮನೆಯವರಾಗಿಬಿಟ್ಟರು.

"ಗಂಡಸಿನ ಕೆಲ್ಸ ಇದ್ದಲ್ಲಿ ಮನೆ," ಎಂದರು. "ಹೆಣ್ಣು ದೋಣಿಯಂಗೆ ಕೂತ್ಕಂಡ್ ಹೋತ್ತ್, ಕೂತ್ಕಂಡ್ ಬತ್ತ್. ರಾಣಿ ಹಾಂಗೆ."

ಶಾಮರಾಯರು ಜಾಗರೂಕ ಮನುಷ್ಯ. ಹಿಂದಿರುಗುವಾಗ ಸೂರನನ್ನು ಕೇಳಿದರು. "ದೋಣಿ ದಿನಾ ಇಪ್ಪುದೇ ಅಲ್ದಾ?"

"ದಿನಾ ಇತ್ತ್ ಮಾಷ್ಟ್ರೆ. ನನ್ನಪ್ಪನ ಕಾಲದಂಗೂ ಇದ್ದಿತ್," ಎಂದ ಸೂರ.

ವೈಶಾಖ ಶುದ್ಧ ದಶಮಿಗೆ ಮತ್ತೊಮ್ಮೆ ಹೊರಟು, ಏಕಾದಶಿಯಂದು ಮತ್ತೊಮ್ಮೆ ದಾಟಿದರು. ಮತ್ತೆ ಅದೇ ತುಂಬಿದ ಹೊಳೆ, ಅದೇ ಎರಡು ಮಾಲೆ, ಅದೇ ಒದ್ದೆಯಾಗದ ಪಂಚೆ. ಕುಂದಾಪುರದಲ್ಲಿ ಅಮ್ಮಣ್ಣಿಯ ಪಕ್ಕದ ಮನೆಯೂ ಖಾಲಿಯಿತ್ತು. ಆದರೆ ಅದು ಇಕ್ಕಟ್ಟು. ಬಾವಿ ಅಮ್ಮಣ್ಣಿಗೂ ಆ ಮನೆಗೂ ಸೇರಿ ಒಂದೇ. ಹೇರ್ಳೆಯವರು ಬಾಗಿಲಿನಿಂದಲೇ ನೋಡಿ, "ಪಾಲಿನ ಬಾವಿ ಆತಿಲ್ಲೆ" ಎಂದು ತಿರುಗಿದರು. ಅಮ್ಮಣ್ಣಿ, "ಬಾವಿ ಪಾಲ್ ಆದ್ರೆ ನೀರೂ ಪಾಲಾತ್ತಾ ಹೇರ್ಳ್ರೆ?" ಎಂದು ಒಳಗಿನಿಂದ ಕೇಳಿದರು. ಅವರು ಕೇಳಿಸದವರಂತೆ ಮೆಟ್ಟು ಹಾಕಿಕೊಂಡರು. ಬರುವ ದಶಮಿಗೆ ಹೊರಟು ಗಣಪಯ್ಯನವರಿಗೆ ಮಾತು ಕೊಡುವುದೆಂದು ನಿಶ್ಚಯವಾಯಿತು.

ವಂಡ್ಸೆಯ ಮಂದಿಗೆ ಹೊಳೆಯೆಂದರೆ ಮಳೆಗಾಲದಲ್ಲಿ ಏರುವುದು, ಬೇಸಿಗೆಯಲ್ಲಿ ಇಳಿಯುವುದು. ವರ್ಷಕ್ಕೊಂದು ಸಲ. ಸಮುದ್ರದ ಬಾಯಿಯಲ್ಲಿ ಹೊಳೆ ದಿನಕ್ಕೆ ಎರಡೆರಡು ಸಲ ಏರಿ ಇಳಿಯುತ್ತದೆಂದು ಅವರು ಕೇಳಿರಲಿಲ್ಲವೆಂದಲ್ಲ. ಕೇಳಿದ್ದರು. ಕೇಳಿದ್ದು ಮನೆ ನೋಡುವಾಗ ನೆನಪಿಗೆ ಬರಲಿಲ್ಲ. ಆ ಊರಿನವರಿಗೋ, ಅದನ್ನು ಯಾರಿಗಾದರೂ ಹೇಳಬೇಕೆಂದು ಹೊಳೆಯುವುದೇ ಇಲ್ಲ.

ದಶಮಿ ಬರುವ ಮುಂಚೆಯೇ ಗಣಪಯ್ಯನವರಿಂದ ಹೇಳಿಕೆ ಬಂತು. ಬೇರೆಯವರೂ ಮನೆ ಕೇಳುತ್ತಿದ್ದಾರೆ, ಚೌತಿಯ ದಿನ ಯಾರಾದರೂ ಬಂದು ಒಂದು ಮಾತು ಹೇಳಿ ಹೋಗಲಿ ಎಂದು. ಶಾಮರಾಯರು ಕಚೇರಿಯ ಕೆಲಸಕ್ಕೆ ಮಂಗಳೂರಿಗೆ ಹೋಗಿದ್ದರು. ಬಹುಳ ಚೌತಿ ಎಂದರೆ ಸಂಕಷ್ಟಿ. ಗುಡಿಯಲ್ಲಿ ವಿಶೇಷ ಪೂಜೆ. ಹೇರ್ಳೆಯವರು ಕದಲುವಂತಿಲ್ಲ.

"ಚೌತಿ ದಿನ ಮನೆ ಮಾತಾಡುದು ನಂಗೆ ಮನ್ಸಿಲ್ಲೆ," ಎಂದರು ಅವರು. "ಆದ್ರೆ ಬಾವಿ ಹೋತ್ತಲ್ಲ ಮಾರಾಯ್ತಿ. ನೀನೇ ಹೋಗ್. ಸೀತುನ ಕರ್ಕಂಡ್ ಹೋಗ್."

ಪದ್ಮಾಕ್ಷಿ ತದಿಗೆಯಂದು ಹೊರಟು ಅಮ್ಮಣ್ಣಿಯ ಮನೆಯಲ್ಲಿ ತಂಗಿದಳು. ಚೌತಿಯ ಬೆಳಿಗ್ಗೆ ಗಣಪತಿಯನ್ನು ನೆನೆದು, ಬಾಯಿಗೆ ತೊಟ್ಟು ನೀರೂ ಹಾಕದೆ, ಸೀತುವಿನ ಕೈ ಹಿಡಿದು ಕಡವಿಗೆ ಇಳಿದಳು. ಇಳಿದವಳು ನಿಂತುಬಿಟ್ಟಳು.

ಹೊಳೆ ಇರಲಿಲ್ಲ. ಇತ್ತು, ದೂರದಲ್ಲಿ, ಯಾರೋ ಒಗೆದು ಹಾಸಿದ ಪಂಚೆಯ ಹಾಗೆ ನಡುವಿನಲ್ಲಿ ಒಂದು ಪಟ್ಟಿ. ಉಳಿದದ್ದೆಲ್ಲ ಕಪ್ಪು ಕೆಸರು. ಅದರ ಮೇಲೆ ಕೊಕ್ಕರೆಗಳು ಜಮೀನು ಅಳೆಯುವವರಂತೆ ಗಂಭೀರವಾಗಿ ನಡೆಯುತ್ತಿದ್ದವು.

ಈಚೆ ದಡದಲ್ಲಿ ಹೇಗೋ ಕಲ್ಲಿನ ಮೇಲೆ ಹೆಜ್ಜೆಯಿಟ್ಟು ದೋಣಿ ಹತ್ತಿದರು. ಆಚೆ ಕಡೆ ದೋಣಿ ಮೆಟ್ಟಿಲಿಗೆ ಇನ್ನೂ ಒಂದು ಗದ್ದೆಯಷ್ಟು ದೂರವಿರುವಾಗಲೇ ಕೆಸರಿಗೆ ಕೂತುಬಿಟ್ಟಿತು. ಜನ ಪಂಚೆ ಸೀರೆ ಎತ್ತಿ ಕಟ್ಟಿಕೊಂಡು ಒಬ್ಬೊಬ್ಬರಾಗಿ ಧುಮುಕಿದರು. ಈಚೆಗೆ ಬರುವವರು ಅದೇ ಕೆಸರಿನಲ್ಲಿ ಮೊಣಕಾಲುದ್ದ ನಿಂತು ದೋಣಿಗೆ ಕಾಯುತ್ತಿದ್ದರು. ಅವರ ಮುಂದೆ ಮೀನಿನ ಬುಟ್ಟಿ ಹೊತ್ತ ಒಬ್ಬ ಹೆಂಗಸು, ಬೇಬಿ ಎಂದು ಹೆಸರು. ಪದ್ಮಾಕ್ಷಿ ದೋಣಿಯ ಅಂಚು ಬಿಡದೆ ಕೂತದ್ದನ್ನು ಅವಳು ಕಂಡಳು.

"ಇಳೀನಿ ಅಮ್ಮಾ. ಕೆಸ್ರ್ ಕಚ್ಚುದಿಲ್ಲೆ. ಹಿಡ್ಕಂತ್, ಅಷ್ಟೇ."

ಸೀತು ಅಷ್ಟರಲ್ಲಿ ಲಂಗ ಎತ್ತಿ ಹಾರಿಯಾಗಿತ್ತು. ನಾಲ್ಕು ಹೆಜ್ಜೆ ನಡೆದಳು. ಐದನೆಯದಕ್ಕೆ ಒಂದು ಕಾಲು ಹೂತಿತು. ಅದನ್ನು ಕೀಳಲು ಹೋಗಿ, ಕೆಸರಿನಲ್ಲಿ ಹಾಗೆಯೇ ಮಣೆಯ ಮೇಲೆ ಕೂತಂತೆ ಕೂತಳು. ಕೂತವಳು ಅಳಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಮೆಟ್ಟಿಲ ಮೇಲೆ ನಿಂತಿದ್ದ ಐದಾರು ಗಂಡಸರೂ ನಕ್ಕರು. ಕೆಟ್ಟ ನಗೆಯೇನಲ್ಲ. ದಿನಾ ಯಾರಾದರೊಬ್ಬರು ಬೀಳುತ್ತಾರೆ, ದಿನಾ ಅವರು ನಗುತ್ತಾರೆ.

ಪದ್ಮಾಕ್ಷಿ ಮಾತ್ರ ನಗಲಿಲ್ಲ. ನಾಲ್ಕು ಜನ ನಿಂತುಕೊಂಡು ಕಂಡು ನಗಾಡುವ ಹಾಗೆ ಆಗಬಾರದು. ಮಾವನವರ ಎರಡನೆಯ ಮಾತು ಇಲ್ಲೇ, ಕಣ್ಣೆದುರೇ, ಕೆಸರಿನಲ್ಲಿ ಕೂತು ನಗುತ್ತಿತ್ತು.

ಮೆಟ್ಟಿಲು ಹತ್ತಿದಾಗ ಜಪಮಾಲೆ ಆರು ಸುತ್ತು ಬಂದಿತ್ತು. ಇದನ್ನು ಮಾವನವರು ಕಂಡರೆ ಮನೆ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆ ಬಾವಿಯನ್ನು ಬಿಡಲಾರರು. ಶಾಲೆ ಬಿಡಿಸುತ್ತಾರೆ. ಹೇಳದೆ ಇರಬಹುದಿತ್ತು. ಗಣಪಯ್ಯನವರಿಗೆ ಆಗಲಿ ಎಂದು ಮಾತು ಕೊಟ್ಟು, ಮನೆ ಹೊಕ್ಕ ಮೇಲೆ ನೋಡೋಣ ಎಂದರಾಗುತ್ತಿತ್ತು. ಬಾವಿಕಟ್ಟೆಯಲ್ಲಿ ಸೀತುವಿನ ಕಾಲಿಗೆ ನೀರು ಹೊಯ್ಯುತ್ತಾ ಅವಳು ಈ ಯೋಚನೆಯನ್ನೂ ಮಾಡಿದಳು. ಆದರೆ ಅವತ್ತು ಸಂಕಷ್ಟಿ. ಬೇರೆ ಯಾವ ದಿನವೂ ಅಲ್ಲ, ಗಣಪತಿಯ ದಿನವೇ ಈ ಕೆಸರು ಕಣ್ಣಿಗೆ ಬಿದ್ದಿದೆ. ವಿಘ್ನವನ್ನು ಕಳೆಯುವವನು ಮೊದಲು ಅದನ್ನು ತೋರಿಸಬೇಡವೇ? ತೋರಿಸಿದ್ದನ್ನು ಮುಚ್ಚಿಟ್ಟರೆ ಅವನಾದರೂ ಏನು ಮಾಡಿಯಾನು?

"ಒಂದ್ ಹದಿನೈದ್ ದಿನ ಬಿಟ್ ಹೇಳಿ ಕಳ್ಸ್ತೆ," ಎಂದಳು ಗಣಪಯ್ಯನವರಿಗೆ. "ಅಷ್ಟ್ರೊಳ್ಗೆ ಬೇರೆಯವ್ರ್ ಬಂದ್ರೆ ಅವ್ರಿಗೇ ಕೊಡಿ."

"ಈ ಮನೆಗೆ ಎಂತ ಕಮ್ಮಿ ಅಮ್ಮಾ?"

"ಮನೆಗೆ ಎಂತದೂ ಇಲ್ಲೆ. ಹೊಳಿಗೆ ನೀರ್ ಕಮ್ಮಿ."

ಗಣಪಯ್ಯನವರು ನಕ್ಕರು. "ಓ, ಅದಾ. ಮಧ್ಯಾಹ್ನಕ್ಕೆ ಬತ್ತ್ ಬಿಡಿ."

ಹಾಗೆಯೇ ಆಯಿತು. ಹನ್ನೊಂದರ ಹೊತ್ತಿಗೆ ನೀರು ಸದ್ದಿಲ್ಲದೆ ಹಿಂದಿರುಗತೊಡಗಿತ್ತು. ದೋಣಿಯಲ್ಲಿ ಅವರಿಬ್ಬರೇ. ಪದ್ಮಾಕ್ಷಿ ಸೂರನನ್ನು ಕೇಳಿದಳು. "ಹೋದ ಸಲ ಬಂದಾಗ ತುಂಬಿ ಇದ್ದಿತ್ತಲ್ಲ. ಅದರ ಹಿಂದಿನ ಸಲವೂ ತುಂಬಿ ಇದ್ದಿತ್. ಇವತ್ ಎಂತ ಹೀಂಗೆ?"

"ಹೋದ ಸಲ ಯಾವ ತಿಥಿಗ್ ಬಂದಿದ್ರಿ?"

"ಏಕಾದಶಿ."

"ಅದರ ಹಿಂದೆ?"

"ಅದೂ ಏಕಾದಶಿ," ಎಂದಳು ಪದ್ಮಾಕ್ಷಿ. ಸೂರನಿಗೆ ಅಷ್ಟೇ ಸಾಕಾಯಿತು. ಗಳವನ್ನು ಕಂಕುಳಲ್ಲಿ ಸಿಕ್ಕಿಸಿ ಹೊಟ್ಟೆ ತುಂಬ ನಕ್ಕ.

"ಏಕಾದಶಿಗೇ ಬಂದ್ರೆ ಏಕಾದಶಿ ನೀರೇ ಸೈ ಅಮ್ಮಾ. ನೂರ್ ಸಲ ಬನ್ನಿ, ಬೆಳ್ಗೆ ತುಂಬಿಯೇ ಇಪ್ಪುದು. ಚೌತಿಗೆ ನೂರ್ ಸಲ ಬನ್ನಿ, ಬೆಳ್ಗೆ ಕೆಸ್ರೇ. ಅಮಾಸಿಗೂ ಹುಣ್ಣಿಮಿಗೂ ಹೊತ್ ಹುಟ್ಟಿ ಹನ್ನೆರಡ್ ಗಳಿಗಿಗೆ ತುಂಬ್ ನೀರ್. ಅಲ್ಲಿಂದ ಒಂದ್ ತಿಥಿಗೆ ಎರಡ್ ಗಳಿಗೆ ಮುಂದೆ ಹೋತ್ತ್. ತುಂಬಿದ್ದ್ ಹದಿನೈದ್ ಗಳಿಗಿಗೆ ಬರಿದಾತ್ತ್, ಬರಿದಾದ್ದ್ ಹದಿನೈದಕ್ಕೆ ಮತ್ತೆ ತುಂಬತ್ತ್. ನನ್ನಪ್ಪ ಹೇಳಿಕೊಟ್ಟದ್ದ್. ಅಷ್ಟ್ ಬಂದ್ರೆ ದೋಣಿ ಬಂತ್."

ಸೀತು ಬೆರಳು ಮಡಚತೊಡಗಿದ್ದಳು. ಗಳಿಗೆಯೆಂದರೆ ಗಡಿಯಾರದ ಇಪ್ಪತ್ತನಾಲ್ಕು ನಿಮಿಷವೆಂದು ಅಜ್ಜಯ್ಯನೇ ಅವಳಿಗೆ ಕಲಿಸಿದ್ದರು. "ಚೌತಿಗೆ ಎಂಟು. ಹನ್ನೆರಡ್ರ ಮೇಲೆ ಎಂಟು, ಇಪ್ಪತ್ತು. ಅದ್ರಿಂದ ಹದಿನೈದ್ ಕಳೆದ್ರೆ ಐದು. ಹೊತ್ ಹುಟ್ಟಿ ಐದ್ ಗಳಿಗಿಗೆ ನೀರಿಲ್ಲೆ. ಅಂದ್ರೆ ಎಂಟ್ ಗಂಟಿಗೆ. ಅಮ್ಮ, ನಾವ್ ಬಂದದ್ದ್ ಅದೇ ಹೊತ್ತಿಗೆ."

ಸೂರ ಹುಡುಗಿಯ ಕಡೆ ತಿರುಗಿದ. "ನಂಗೆ ಇದನ್ನ್ ಕಲೀಲಿಕ್ಕೆ ಎರಡ್ ಮಳೆಗಾಲ ಹಿಡ್ದಿತ್," ಎಂದ.

ಕುಂದಾಪುರಕ್ಕೆ ಬಂದು ಪದ್ಮಾಕ್ಷಿ ಇನ್ನೊಂದು ಕೆಲಸ ಮಾಡಿದಳು. ಅಮ್ಮಣ್ಣಿಯ ಪಕ್ಕದ ಆ ಇಕ್ಕಟ್ಟು ಮನೆಯ ಬಾಗಿಲಲ್ಲಿ ನಿಂತು, ಮಾಲೆ ಕೈಗೆ ತೆಗೆದುಕೊಂಡು, ಸೀತುವಿನ ಜೊತೆ ಹೈಸ್ಕೂಲಿನವರೆಗೆ ನಡೆದಳು. ಒಂದೂವರೆ ಮಾಲೆ. ಶಾಲೆಗೆ ರಜೆಯಿತ್ತು. ಸೀತು ಗೇಟಿನ ಸರಳು ಹಿಡಿದು ಒಳಗೆ ನೋಡಿದಳು. ಪದ್ಮಾಕ್ಷಿಯೂ ನೋಡಿದಳು. ಜೀವಮಾನದಲ್ಲಿ ಅಷ್ಟು ದೊಡ್ಡ ಶಾಲೆಯ ಗೇಟಿನ ಸರಳನ್ನು ಅವಳು ಮುಟ್ಟಿದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ಹೊರಟು ಸಂಜೆಯ ಮುಂಚೆ ವಂಡ್ಸೆ ಸೇರಿದರು. ಹೇರ್ಳೆಯವರು ಜಗಲಿಯಲ್ಲಿ ಪಂಚಾಂಗ ತೆರೆದು ಕೂತಿದ್ದರು. ಹೊಸ ಮನೆಗೆ ಒಕ್ಕಲು ಹೋಗುವ ಮುಹೂರ್ತವನ್ನು ಆಗಲೇ ಹುಡುಕುತ್ತಿದ್ದರು. ಪದ್ಮಾಕ್ಷಿ ಕಾಲು ತೊಳೆದು ಬಂದು, ಬತ್ತಿಯ ಹತ್ತಿ ಹಿಡಿದು ಎದುರಿಗೆ ಕೂತಳು.

"ಮಾತ್ ಕೊಟ್ಟ್ ಬಂದ್ಯಾ?"

"ಇಲ್ಲೆ ಮಾವಯ್ಯ."

ಹೇರ್ಳೆಯವರು ಕನ್ನಡಕದ ಮೇಲಿಂದ ನೋಡಿದರು. ಪದ್ಮಾಕ್ಷಿ ಒಂದೂ ಬಿಡದೆ ಹೇಳಿದಳು. ದೋಣಿ ಎಲ್ಲಿ ನಿಂತಿತು, ಸೀತು ಹೇಗೆ ಬಿದ್ದಳು, ಎಷ್ಟು ಜನ ನಕ್ಕರು. ನಕ್ಕವರ ಲೆಕ್ಕವನ್ನು ಕಡಿಮೆ ಮಾಡಲೂ ಇಲ್ಲ. ಹೇರ್ಳೆಯವರ ಮುಖ ಗಂಟಾಯಿತು.

"ಹಾಂಗಾದ್ರೆ ಐದನೇ ಕ್ಲಾಸೇ ಸಾಕ್."

"ನೀವ್ ಹೇಳಿದ್ ಹಾಂಗೇ ಆಯ್ಲಿ. ಒಂದ್ ಮಾತ್ ಕೇಳ್ಕಿತ್ತ್ ಮಾವಯ್ಯ. ನಾವ್ ಎರಡ್ ಸಲ ದಾಟಿದಾಗ ತಿಥಿ ಯಾವ್ದ್?"

"ಏಕಾದಶಿ. ನಿಂಗೊತ್ತಿಲ್ಯಾ?"

"ಎರಡ್ ಸಲವೂ?"

"ಎರಡ್ ಸಲವೂ. ದಶಮಿಗ್ ಹೊರಟ್ರೆ ಮಾರನೇ ದಿನ ಮತ್ತೆ ಎಂತ ನವಮಿ ಬತ್ತಾ?"

ಪದ್ಮಾಕ್ಷಿ ಸೂರ ಹೇಳಿದ ಲೆಕ್ಕ ಹೇಳಿದಳು. ಹನ್ನೆರಡು ಗಳಿಗೆ, ತಿಥಿಗೆ ಎರಡು. ಎದುರಿಗೆ ತಲೆಕೆಳಗಾಗಿದ್ದ ಪಂಚಾಂಗದ ಪುಟದ ಮೇಲೆ ಬೆರಳಿಟ್ಟು, "ಇಲ್ಲ್ ಕಾಣಿ ಚೌತಿ. ಇಲ್ಲ್ ಏಕಾದಶಿ. ಹೊಳೆ ನಿಮ್ಮ ಪಂಚಾಂಗ ಓದ್ಕಂಡೇ ಏರುದು, ಇಳಿಯುದು," ಎಂದಳು.

ಹೇರ್ಳೆಯವರು ಪಂಚಾಂಗ ನೋಡಿದರು, ಸೊಸೆಯ ಬೆರಳು ನೋಡಿದರು. ಹದಿನೈದು ವರ್ಷ ಎದುರಿಗೆ ಕೂತು ಬತ್ತಿ ಹೊಸೆದವಳು ಇಷ್ಟು ದಿನವೂ ಓದುತ್ತಿದ್ದಳೆಂದು ಅವರಿಗೆ ಆಗ ತಿಳಿದಿರಬೇಕು. ಪುಸ್ತಕವನ್ನು ಮಡಚಲಿಲ್ಲ. ಎರಡು ದಿನ ಜಗಲಿಯ ಮೂಲೆಯಲ್ಲಿ ಸೀಮೆಸುಣ್ಣದಿಂದ ಏನೋ ಬರೆಯುವುದು, ಅಳಿಸುವುದು. ಮಂಗಳೂರಿನಿಂದ ಬಂದ ಶಾಮರಾಯರು ನೋಡಿ, "ಅಪ್ಪಯ್ಯ ಎಂತ ಜಾತಕ ಬರೀತಿದ್ರ್, ಯಾರದ್ದ್?" ಎಂದು ಕೇಳಿದರು.

"ಹೊಳೀದ್," ಎಂದಳು ಪದ್ಮಾಕ್ಷಿ.

ಮೂರನೆಯ ದಿನ ಹೇರ್ಳೆಯವರು ಊಟಕ್ಕೆ ಕೂತವರು ಹೇಳಿದರು. "ಬಪ್ಪ ತದಿಗಿಗೆ ಗಾಡಿ ಹೇಳ್ ಶಾಮ. ಚೌತಿ ಬೆಳ್ಗೆ ನಾನೇ ಕಾಣ್ಕ್. ಶುಭಕಾರ್ಯ ಅಲ್ಲ, ಪರೀಕ್ಷೆ. ಪರೀಕ್ಷಿಗೆ ತಿಥಿ ದೋಷ ಇಲ್ಲೆ."

ಜ್ಯೇಷ್ಠ ಶುದ್ಧ ಚೌತಿಯ ಬೆಳಿಗ್ಗೆ ಅವರು ಕಡವಿನಲ್ಲಿ ನಿಂತು ಕೆಸರನ್ನು ಸುಮ್ಮನೆ ನೋಡಿದರು. ಆಮೇಲೆ ಸೀತುವಿನ ಕಡೆ ತಿರುಗಿದರು. "ಎಷ್ಟೊತ್ತಿಗೆ ಪೂರಾ ಇಳಿತ್ತ್?"

"ಹೊತ್ ಹುಟ್ಟಿ ಐದ್ ಗಳಿಗಿಗೆ ಅಜ್ಜಯ್ಯ."

"ನಾಳಿಗೆ?"

"ಏಳಕ್ಕೆ."

"ಬಪ್ಪ ಅಷ್ಟಮಿಗೆ?"

ಸೀತು ಆಕಾಶ ನೋಡಿದಳು. "ಹದಿಮೂರಕ್ಕೆ. ಮಧ್ಯಾಹ್ನ. ನಾ ಶಾಲೆ ಒಳ್ಗೆ ಇಪ್ಪು ಹೊತ್ತಿಗೆ. ಅಷ್ಟಮಿಗೆ ಅಡ್ಡಿಲ್ಲೆ ಅಜ್ಜಯ್ಯ."

ಹೇರ್ಳೆಯವರ ತುಟಿ ಅಲ್ಲಾಡಿತು. ಅವರು ಅದೇ ಲೆಕ್ಕವನ್ನು ಜಗಲಿಯ ಮೇಲೆ ಮೂರು ಸಲ ಅಳಿಸಿ ಬರೆದಿದ್ದರು. ಸೀತು ಅದನ್ನು ನಿಂತಲ್ಲೇ ಹೇಳಿದ್ದಳು.

ಆಚೆ ಕಡೆ ದೋಣಿ ಎಂದಿನಂತೆ ಕೆಸರಿನಲ್ಲಿ ಕೂತಿತು. ಬೇಬಿ ಎಂದಿನಂತೆ ಬುಟ್ಟಿ ಹೊತ್ತು ಕಾಯುತ್ತಿದ್ದಳು. ಶಾಮರಾಯರು ಪಂಚೆ ಎತ್ತಿ ಕಟ್ಟಿ ಇಳಿದು, ಮೊಣಕಾಲುದ್ದದಲ್ಲಿ ಗಟ್ಟಿಯಾಗಿ ನಿಂತು, ತಂದೆಗೆ ಕೈ ಚಾಚಿದರು. ಹೇರ್ಳೆಯವರು ಇಳಿದರು. ಎಡಗಾಲಿನ ಮೆಟ್ಟು ಕೆಸರಿಗೆ ಸೇರಿತು. ಹುಡುಕಲು ಬಗ್ಗಿದರೆ ಬಲಗಾಲಿನದೂ ಹೋಯಿತು.

"ಹ್ವಾಯ್ ಭಟ್ರೆ, ಹುಡ್ಕಬೇಡಿ," ಎಂದಳು ಬೇಬಿ. "ಹೊಳೆ ಎರಡನ್ನೂ ಒಟ್ಟಿಗೆ ತಕಂಡದ್ದ್ ಒಳ್ಳೇದಾಯ್ತ್. ಒಂದೇ ಆಗಿದ್ರೆ ನಿಮಗೂ ಉಪಕಾರ ಇಲ್ಲೆ, ಅದ್ಕೂ ಇಲ್ಲೆ."

ಮೆಟ್ಟಿಲ ಮೇಲಿನ ಗಂಡಸರು ನಕ್ಕರು. ಪದ್ಮಾಕ್ಷಿ ಎಣಿಸಿದಳು. ನಾಲ್ಕಲ್ಲ, ಎಂಟು ಜನ. ಹೇರ್ಳೆಯವರು ತಲೆಯೆತ್ತಿ ಅವರನ್ನು ನೋಡಿದರು. ತಮ್ಮ ಕಪ್ಪು ಕಾಲುಗಳನ್ನು ನೋಡಿದರು. ಅವರಿಗೂ ನಗು ಬಂತು. ಮೊದಲು ಹೊಟ್ಟೆ ಅಲುಗಿತು, ಆಮೇಲೆ ಜುಟ್ಟು. ವಂಡ್ಸೆಯಲ್ಲಿ ಅವರು ಹಾಗೆ ನಕ್ಕದ್ದನ್ನು ಪದ್ಮಾಕ್ಷಿ ಕಂಡಿರಲಿಲ್ಲ.

ಗಣಪಯ್ಯನವರ ಬಾವಿಯಲ್ಲಿ ಕಾಲು ತೊಳೆದುಕೊಂಡು, ಒಂದು ಬೊಗಸೆ ನೀರು ಕುಡಿದು, ಅವರು ಬಾವಿಕಟ್ಟೆಯ ಮೇಲೆ ಕೂತರು. ಪದ್ಮಾಕ್ಷಿಯ ಕೈಯಲ್ಲಿ ಮಾಲೆ ನಿಂತಿತ್ತು.

"ಶಾಮ," ಎಂದರು ಕೊನೆಗೆ. "ನಿನ್ ಕಾಲ್ ಉದ್ದ ಇತ್ತ್."

"ಇತ್ತ್ ಅಪ್ಪಯ್ಯ."

"ಕೆಸ್ರಂಗೆ ನಿಂತ್ಕಂಬುಕೆ ನಿಂಗ್ ಆತ್ತ್. ನಾನ್ ಕಂಡೆ. ಇಷ್ಟ್ ಲೆಕ್ಕ ಬಪ್ಪ ಹೆಣ್ಣನ್ನ್ ದಿನಾ ಕೆಸ್ರ್ ಹೊರ್ಸಿ ಶಾಲಿಗ್ ಕಳ್ಸುಕೆ ನಂಗೆಂತ ಮಂಡೆ ಸಮ ಇಲ್ಯಾ? ಅವ್ಳ್ ನಡ್ಕಂಡ್ ಹೋಯ್ಲಿ. ನೀ ದಾಟ್."

ಶಾಮರಾಯರು ಹೆಂಡತಿಯನ್ನು ನೋಡಿದರು. ಅವರಿಗೆ ಈ ತೀರ್ಪು ಎರಡು ವಾರದಿಂದ ಗೊತ್ತಿತ್ತು. ತಾನೇ ದಾಟುತ್ತೇನೆಂದು ಮಂಗಳೂರಿನಿಂದ ಬಂದ ದಿನವೇ ಅವಳಿಗೆ ಹೇಳಿದ್ದರು. ಹೇಳಬೇಕಾದವರು ಹೇಳಲಿ ಎಂದು ಇಬ್ಬರೂ ಬಾಯಿ ಮುಚ್ಚಿ ಕಾದಿದ್ದರು.

"ಬಾವಿ ಮಾತ್ರ," ಎಂದು ಹೇರ್ಳೆಯವರು ಇನ್ನೊಮ್ಮೆ ಒಳಗೆ ಬಗ್ಗಿ ನೋಡಿ ನಿಟ್ಟುಸಿರಿಟ್ಟರು. "ಒಳ್ಳೇ ಬಾವಿ."

ಆ ದಿನ ಮಧ್ಯಾಹ್ನವೇ ಅಮ್ಮಣ್ಣಿಯೊಂದಿಗೆ ಬಾವಿಯ ಒಪ್ಪಂದವಾಯಿತು. ಬೆಳಗಿನ ಮೊದಲ ಕೊಡ ಹೇರ್ಳೆಯವರದ್ದು. ಅವರು ನೀರು ಸೇದುವವರೆಗೆ ಅಮ್ಮಣ್ಣಿ ಹಗ್ಗ ಮುಟ್ಟುವಂತಿಲ್ಲ. "ನಿಮ್ಗಿಂತ ಮುಂಚೆ ಏಳುದ್ ನಂಗ್ ಆಪ್ಪುದೂ ಇಲ್ಲೆ ಹೇರ್ಳ್ರೆ. ಬಾವಿ ನಿಮ್ಗೆ, ನಿದ್ರಿ ನಂಗೆ," ಎಂದು ಅಮ್ಮಣ್ಣಿ ಒಪ್ಪಿದರು. ಗುಡಿಯ ದಿನದ ಪೂಜೆಯನ್ನು ತಮ್ಮನ ಮಗನಿಗೆ ವಹಿಸಿ, ಸಂಕಷ್ಟಿಗೆ ಮಾತ್ರ ತಾವು ವಂಡ್ಸೆಗೆ ಹೋಗುವುದೆಂದು ಹೇರ್ಳೆಯವರು ಗೊತ್ತು ಮಾಡಿದರು.

ಸಂಸಾರ ಎತ್ತಿದ್ದು ದಶಮಿಯಂದೇ. ಅದರಲ್ಲಿ ಬದಲಾವಣೆಯಿಲ್ಲ. ಪಾತ್ರೆ, ಹಾಸಿಗೆ, ದೇವರ ಪೆಟ್ಟಿಗೆ ಎಲ್ಲ ಗಾಡಿಯಲ್ಲಿ ಹೆಮ್ಮಾಡಿಗೆ ಬಂದು, ಅಲ್ಲಿಂದ ದೋಣಿಯಲ್ಲಿ ಕುಂದಾಪುರಕ್ಕೆ ಇಳಿದವು. ಎಷ್ಟು ಹೊತ್ತಿಗೆ ದೋಣಿ ಬಿಟ್ಟರೆ ಇಳಿಯುವ ನೀರು ತಾನೇ ಎಳೆದುಕೊಂಡು ಹೋಗುತ್ತದೆಂದು ಅಜ್ಜಯ್ಯ ಮೊಮ್ಮಗಳು ಕೂಡಿ ಹಿಂದಿನ ದಿನವೇ ಲೆಕ್ಕ ಹಾಕಿದ್ದರು. ದೋಣಿಯವರು ಗಳ ಹಾಕುವ ಕೆಲಸವೇ ಇಲ್ಲದೆ ವೀಳ್ಯ ಹಾಕುತ್ತಾ ಕೂತರು.

ಮಳೆ ಹಿಡಿಯಿತು, ಶಾಲೆ ತೆರೆಯಿತು. ಶಾಮರಾಯರು ಬದಲಿಸಿ ಉಡಲು ಒಂದು ಒಣ ಪಂಚೆಯನ್ನು ಗಂಗೊಳ್ಳಿಯ ಶಾಲೆಯಲ್ಲೇ ಇಟ್ಟರು. ಚೌತಿ ಪಂಚಮಿಗೆ ಅವರು ಕಾಲು ತುಂಬ ಕೆಸರು ಹೊತ್ತು ಬರುತ್ತಿದ್ದರು. ತಿಂಗಳು ಕಳೆಯುವುದರೊಳಗೆ ಅಲ್ಲಿನ ಮಕ್ಕಳು ಮಾಸ್ತರರ ಕೆಸರಿನ ಎತ್ತರ ನೋಡಿ ತಿಥಿ ಹೇಳತೊಡಗಿದವು. "ಮೊಣಗಂಟಿಗ್ ಬಂದ್ರೆ ಚೌತಿ, ಹಿಮ್ಮಡಿಗ್ ಬಂದ್ರೆ ಷಷ್ಠಿ. ಒಂದನೇ ಕ್ಲಾಸಿಗೇ ಪಂಚಾಂಗ ಬಂದಿತ್," ಎಂದು ಮಾಸ್ತರರು ಮನೆಯಲ್ಲಿ ಹೇಳಿ ನಗುತ್ತಿದ್ದರು.

ಹೇರ್ಳೆಯವರಿಗೂ ಕೆಲಸ ಸಿಕ್ಕಿತು. ಊರಿಗೆ ಹೊಸಬರಾಗಿ ಬಂದ ಗುಮಾಸ್ತರು, ಮದುವೆ ದಿಬ್ಬಣದವರು, ಆಚೆ ದಡದಲ್ಲಿ ಮಗಳನ್ನು ಕೊಟ್ಟವರು ಜಗಲಿಗೆ ಬಂದು, "ನಾಳಿಗೆ ಎಷ್ಟೊತ್ತಿಗೆ ದಾಟುಕಾತ್ತ್?" ಎಂದು ಕೇಳುತ್ತಿದ್ದರು. ಅವರು ಕನ್ನಡಕ ಏರಿಸಿ ಪಂಚಾಂಗ ತೆರೆದು, ಗಂಭೀರವಾಗಿ ಹೇಳುತ್ತಿದ್ದರು. ಮನೆ ನೋಡಲು ಹೊರಟವರು ಬಂದರೆ ಮಾತ್ರ ಒಂದು ಮಾತು ಹೆಚ್ಚು ಹೇಳುವರು. "ದಶಮಿಗ್ ಒಂದ್ ಸಲ ಕಾಣಿ. ಚೌತಿಗೂ ಒಂದ್ ಸಲ ಕಾಣಿ."

ಬೇಬಿ ದಿನಾ ಆ ಬೀದಿಯಲ್ಲೇ ಹೋಗುವವಳು. ಬ್ರಾಹ್ಮಣರ ಮನೆಯ ಮುಂದೆ ಮೀನಿನ ಬುಟ್ಟಿ ಇಳಿಸುವಂತಿಲ್ಲ. ಆದರೆ ನಡಿಗೆ ನಿಧಾನ ಮಾಡಿ, "ಭಟ್ರೆ, ನಿಮ್ ಮೆಟ್ಟ್ ಇನ್ನೂ ಸಿಕ್ಲಿಲ್ಲೆ, ಹುಡ್ಕ್ತಾ ಇದ್ದೆ," ಎಂದು ಕೂಗಿ ಹೋಗುವಳು. ಹೇರ್ಳೆಯವರು ಒಳಗಿನಿಂದ, "ಸಿಕ್ರೆ ಹೊಳೀಗೇ ಹಾಕ್ಕಂಬುಕೆ ಹೇಳ್," ಎನ್ನುವರು.

ಪದ್ಮಾಕ್ಷಿಯ ಬೆಳಗು ಹೀಗೆ. ಒಲೆಯ ಕೆಲಸ ಮುಗಿದು, ಸೀತುವಿನ ಜಡೆ ಹೆಣೆದು, ಪುಸ್ತಕದ ಚೀಲ ಹೆಗಲಿಗೆ ಹಾಕಿ ಕಳಿಸುತ್ತಾಳೆ. ಆಮೇಲೆ ಬಾಗಿಲ ಹೊಸ್ತಿಲ ಒಳಗೆ ಕೂತು ಮಾಲೆ ತೆಗೆಯುತ್ತಾಳೆ. ಒಂದು ಸುತ್ತು ಮುಗಿಯುವಾಗ ಸೀತು ಬೀದಿಯ ಕೊನೆಯ ತಿರುವು ದಾಟಿರುತ್ತಾಳೆ. ಮಳೆಯಿದ್ದರೆ ಕೊಡೆಯೊಳಗೆ, ಬಿಸಿಲಿದ್ದರೆ ಕಲ್ಲು ಒದೆಯುತ್ತಾ. ಎರಡನೆಯ ಸುತ್ತಿನ ಐವತ್ತನಾಲ್ಕನೆಯ ಮಣಿಗೆ ಬಂದಾಗ ಪದ್ಮಾಕ್ಷಿಯ ಬೆರಳು ಒಂದು ಚಣ ನಿಲ್ಲುತ್ತದೆ.

ಈಗ ಗೇಟು ದಾಟಿದಳು.

ಉಳಿದ ಐವತ್ತನಾಲ್ಕು ಮಣಿಯನ್ನು ಅವಳು ಅವಸರವಿಲ್ಲದೆ ಮುಗಿಸುತ್ತಾಳೆ.